ಕಾಯಕವೂ ನಾಮಮುದ್ರೆಯೂ

ಮಾಡಿದ ಕೆಲಸದ ಮೇಲೆ ಮಾಡಿದವನ ಹೆಸರಿರಬೇಕೆ, ಇರಬಾರದೆ? ಇದು ಮೇಲುನೋಟಕ್ಕೆ ಸಣ್ಣ ಪ್ರಶ್ನೆಯಂತೆ ತೋರಬಹುದು. ಕಾಯಕತತ್ತ್ವವನ್ನು ನಿತ್ಯದ ಬಾಳಿನಲ್ಲಿ ಅಳವಡಿಸಿಕೊಳ್ಳಬೇಕೆನ್ನುವ ಸದ್ಭಕ್ತನಿಗೆ ಮಾತ್ರ ಇದು ಸಣ್ಣದಲ್ಲ. ಕರ್ತೃತ್ವದ ಅಭಿಮಾನವು ಅಳಿಯದೆ ಭಕ್ತಿಯು ನೆಲೆಗೊಳ್ಳದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಹಾಗಿರಲಾಗಿ ಬಡಗಿಯು ತಾನು ಮಾಡಿದ ಬಾಗಿಲಿನ ಮೇಲೆ, ಕಂಚುಗಾರನು ತಾನು ಎರೆದ ಗಂಟೆಯ ಮೇಲೆ ತನ್ನ ಹೆಸರನ್ನು ಒತ್ತಿದರೆ ಅದು ಅಹಂಕಾರವಾಗುವುದೋ? ಅಥವಾ ಹೆಸರನ್ನು ಒತ್ತದೆ ಬಿಡುವುದರಲ್ಲಿಯೂ, ಒತ್ತಗೊಡದೆ ತಡೆಯುವುದರಲ್ಲಿಯೂ ಒಂದು ದೋಷವು ಅಡಗಿರಬಹುದೋ? ಈ ಎರಡು ಪಕ್ಷಗಳನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ವಿಚಾರಿಸೋಣ. ಹೆಸರು ಬೇಡವೆನ್ನುವವರ ವಾದವು ದುರ್ಬಲವಾದುದಲ್ಲ. ಬಸವಣ್ಣನವರು ತಮ್ಮ ವಚನಗಳ ಕೊನೆಯಲ್ಲಿ ತಮ್ಮ ಹೆಸರನ್ನು ಇಡಲಿಲ್ಲ, ಕೂಡಲಸಂಗಮದೇವನ ಹೆಸರನ್ನಿಟ್ಟರು. ಅಲ್ಲಮಪ್ರಭುಗಳು ಗುಹೇಶ್ವರನನ್ನೂ ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನೂ ನೆನೆದರು. ಇದನ್ನೇ ನಾವು ಅಂಕಿತವೆಂದೂ ಮುದ್ರಿಕೆಯೆಂದೂ ಕರೆಯುತ್ತೇವೆ. ವಚನವೆಂಬುದು ಶರಣನ ಅನುಭಾವದ ಫಲ. ಆ ಫಲದ ಮೇಲೆಯೇ ಅವನು ತನ್ನ ಮುದ್ರೆಯನ್ನೊತ್ತದೆ ಇಷ್ಟದೈವದ ಮುದ್ರೆಯನ್ನೊತ್ತಿದ ಮೇಲೆ, ಕೇವಲ ಮರ, ಲೋಹ, ಮಣ್ಣುಗಳ ಮೇಲೆ ಕೈಗಾರನು ತನ್ನ ಹೆಸರನ್ನು ಬರೆಯುವುದು ಹೇಗೆ ಸಲ್ಲುತ್ತದೆ? ತನು ಲಿಂಗದ್ದು, ಮನ ಲಿಂಗದ್ದು, ಧನ ಲಿಂಗದ್ದು ಎಂದು ಒಪ್ಪಿಕೊಂಡವನಿಗೆ ತನ್ನದೆಂಬ ಹೆಸರು ಎಲ್ಲಿ ಉಳಿಯಿತು? ಇದು ಅವರ ಪ್ರಶ್ನೆ. ಭಕ್ತಿಯ ದೃಷ್ಟಿಯಿಂದ ಇದಕ್ಕೆ ಉತ್ತರವಿಲ್ಲವೆಂದೇ ಮೊದಲಿಗೆ ತೋರುತ್ತದೆ.

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಂಡರೆ ನಮ್ಮ ಅಭಿಮಾನ, ನಮ್ಮ ನಾಚಿಕೆ, ನಮ್ಮ ಜಾತಿಸಂಸ್ಕಾರ ಇವೆಲ್ಲ ವಿಚಾರದ ನಡುವೆ ಬಂದು ನಿಲ್ಲುತ್ತವೆ. ದೂರದ ನಾಡಿನ ಒಂದು ಕಾಯಕವನ್ನು ಮುಂದಿಟ್ಟುಕೊಂಡು ನೋಡಿದರೆ ದೃಷ್ಟಿಯು ತಿಳಿಯಾದೀತು. ಅದಕ್ಕಾಗಿ ಇಂಗ್ಲೆಂಡ್ ಮತ್ತು ಅಮೆರಿಕ ದೇಶಗಳ ಬಡಗಿಗಳು ಬಳಸುತ್ತಿದ್ದ ಒಂದು ಮರದ ಉಪಕರಣವನ್ನೂ, ಅದನ್ನು ಮಾಡಿದ ಒಬ್ಬ ಮನುಷ್ಯನ ಬಾಳನ್ನೂ ವಾಚಕರ ಮುಂದಿಡುತ್ತೇನೆ.

ಹಲಗೆಯನ್ನು ನಯಗೊಳಿಸುವ ಉಜ್ಜುಗೊರಡನ್ನು ನಮ್ಮ ಬಡಗಿಗಳ ಬಳಿ ಎಲ್ಲರೂ ಕಂಡಿದ್ದೇವೆ. ಅದರ ತಳವು ಸಪಾಟಾಗಿರುತ್ತದೆ. ಆದುದರಿಂದ ಅದು ಹಲಗೆಯನ್ನೂ ಸಪಾಟುಗೊಳಿಸುತ್ತದೆ. ಇದೇ ಜಾತಿಗೆ ಸೇರಿದ ಇನ್ನೊಂದು ಬಗೆಯ ಉಜ್ಜುಗೊರಡುಂಟು. ಅದರ ತಳವು ಸಪಾಟಲ್ಲ. ಅದರಲ್ಲಿ ಉಬ್ಬು, ತಗ್ಗು, ಮೆಟ್ಟಿಲು, ಬಳುಕು ಮುಂತಾದ ಆಕಾರಗಳನ್ನು ಕೊರೆದಿರುತ್ತಾರೆ. ಅಲಗನ್ನೂ ಅದೇ ಆಕಾರಕ್ಕೆ ಮಸೆದಿರುತ್ತಾರೆ. ಹಲಗೆಯ ಅಂಚಿನ ಮೇಲೆ ಅದನ್ನು ಮತ್ತೆ ಮತ್ತೆ ನೂಕಿದಂತೆ ಆ ಆಕಾರವು ಉದ್ದಕ್ಕೂ ಮೂಡುತ್ತದೆ. ಇದನ್ನು ಅಂಚುಗೆಲಸದ ಉಜ್ಜುಗೊರಡು ಎನ್ನಬಹುದು. ಬಾಗಿಲುವಾಡ, ಕಿಟಕಿಯ ಚೌಕಟ್ಟು, ಗೋಡೆಯು ಛಾವಣಿಯನ್ನು ಕೂಡುವ ಎಡೆ, ಮೇಜು ಪೆಟ್ಟಿಗೆಗಳ ಅಂಚು ಇವುಗಳಿಗೆಲ್ಲ ಸೊಗಸಾದ ಪಟ್ಟಿಗಳನ್ನು ಕೂಡಿಸುವ ರೂಢಿಯು ಆ ದೇಶಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಹಳವಾಗಿತ್ತು. ಯಂತ್ರಗಳಿಲ್ಲದ ಆ ಕಾಲದಲ್ಲಿ ಆ ಪಟ್ಟಿಗಳ ಒಂದೊಂದು ಅಡಿಯೂ ಇಂಥ ಗೊರಡುಗಳ ಅಡಿಯಿಂದಲೇ ಹೊರಬರಬೇಕಾಗಿತ್ತು.

ಇವುಗಳಲ್ಲಿ ಮುಖ್ಯವಾದವು ಜೋಡಿಗೊರಡುಗಳು. ಒಂದರ ತಳವು ತಗ್ಗಾಗಿರುತ್ತದೆ, ಇನ್ನೊಂದರದು ಉಬ್ಬಾಗಿರುತ್ತದೆ. ತಗ್ಗಿನ ತಳವು ಮರದಲ್ಲಿ ಉಬ್ಬನ್ನು ಮೂಡಿಸುತ್ತದೆ. ಉಬ್ಬಿನ ತಳವು ತಗ್ಗನ್ನು ಮೂಡಿಸುತ್ತದೆ. ಪೂರ್ಣವಾದ ಒಂದು ಕಟ್ಟಿನಲ್ಲಿ 18 ಜೋಡಿಗಳು, ಅಂದರೆ 36 ಗೊರಡುಗಳು ಇರುತ್ತಿದ್ದವು. 9 ಜೋಡಿಗಳದು ಅರ್ಧಕಟ್ಟು. ಬಲ್ಲ ಬಡಗಿಯು ಈ ಜೋಡಿಗಳಿಂದಲೇ ತನಗೆ ಬೇಕಾದ ಬಗೆಬಗೆಯ ಅಂಚುಗಳನ್ನೆಲ್ಲ ಹೊಂದಿಸಿಕೊಳ್ಳಬಲ್ಲನು.

ಇಂಥದೊಂದು ಗೊರಡನ್ನು ಮಾಡುವುದು ನೋಡಲು ಸುಲಭ, ಮಾಡಲು ಕಠಿಣ. ಉದ್ದವು ಸುಮಾರು ಒಂಬತ್ತೂವರೆ ಅಂಗುಲ. ಹಳೆಯವು ಹತ್ತು ಅಂಗುಲದವೂ ಉಂಟು. ಇಂಗ್ಲೆಂಡಿನಲ್ಲಿ ಬೀಚ್ ಎಂಬ ಮರವನ್ನೂ, ಈಶಾನ್ಯ ಅಮೆರಿಕದಲ್ಲಿ ಮೊದಮೊದಲು ಹಳದಿ ಬರ್ಚ್ ಎಂಬ ಮರವನ್ನೂ ಇದಕ್ಕೆ ಬಳಸುತ್ತಿದ್ದರು. ಮರವನ್ನು ಸೀಳಿ ವರುಷಗಟ್ಟಲೆ ಒಣಗಿಸಬೇಕು. ಒಣಗುವ ಮುನ್ನ ಕೊರೆದರೆ ಮುಂದೆ ಅದು ಸೊಟ್ಟಗಾಗುವುದು. ಬಳಿಕ ಅಲಗು ಕೂರುವ ಓರೆಯನ್ನು ಕೊರೆಯಬೇಕು. ಆ ಓರೆಯು 45 ಅಂಶಗಳಿಂದ 60 ಅಂಶಗಳವರೆಗೆ, ಮರದ ಗಡುಸಿಗೆ ತಕ್ಕಂತೆ ಇರುವುದುಂಟು. ಅಲಗಿನ ಮುಂದೆ ಒಂದು ಕಿರಿದಾದ ಬಾಯಿಯನ್ನು ಬಿಡಬೇಕು. ಅಲಗನ್ನು ಹಿಡಿದು ನಿಲ್ಲಿಸಲು ಒಂದು ಮರದ ಬೆಣೆ. ತಳಕ್ಕೆ ಆಕಾರವನ್ನು ಕೊಡುವುದಕ್ಕೆ ಗೊರಡು ಮಾಡುವವರು ಇನ್ನೊಂದು ಗೊರಡನ್ನೇ ಇಟ್ಟುಕೊಂಡಿರುತ್ತಿದ್ದರು. ಅದರ ತಳವು ಮಾಡಬೇಕಾದ ಗೊರಡಿನ ತಳಕ್ಕೆ ತದ್ವಿರುದ್ಧವಾದ ಆಕಾರದ್ದು. ಅದನ್ನು ಅವರು ತಾಯಿಗೊರಡು ಎಂದು ಕರೆಯುತ್ತಾರೆ. ತಾಯಿಯ ತಗ್ಗು ಮಗುವಿನ ಉಬ್ಬಾಗುವುದು. ಬೇಗ ಸವೆಯುವ ಎಡೆಗಳಲ್ಲಿ ಬಾಕ್ಸ್ ಎಂಬ ಗಟ್ಟಿಮರದ ತೆಳುಪಟ್ಟಿಯನ್ನು ಕೂಡಿಸುವರು. ಕೊನೆಯಲ್ಲಿ ಅಲಗನ್ನು ತಳದ ಆಕಾರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅರದಿಂದ ಉಜ್ಜಿ, ಹದಗೊಳಿಸಿ, ಮಸೆಯುವರು.

ಈ ಕೆಲಸದ ದೋಷಗಳು ಕೊಳ್ಳುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೆಣೆಯು ಸರಿಯಾಗಿ ಕೂಡದಿದ್ದರೆ ಮರದ ಸುರುಳಿಯು ಬಾಯಿಯಲ್ಲಿ ಸಿಕ್ಕಿ ಗೊರಡು ಉಸಿರುಗಟ್ಟುವುದು. ಅಲಗು ಪೂರ್ತಿಯಾಗಿ ಒರಗದಿದ್ದರೆ ನಡುಗಿ ಮರವನ್ನು ಸೀಳುವುದು. ಹಸಿಮರವಾಗಿದ್ದರೆ ಋತು ಬದಲಾದ ಮೇಲೆ ತಳ ಸೊಟ್ಟಗಾಗುವುದು. ಹಣ ಕೊಟ್ಟು ಒಯ್ದವನಿಗೆ ಇದೆಲ್ಲ ತಿಳಿಯುವುದು ತನ್ನ ಮನೆಯಲ್ಲಿ, ತನ್ನ ಕೆಲಸದ ನಡುವೆ. ಆಗ ಅವನು ಯಾರನ್ನು ಕೇಳಬೇಕು?

ಆ ಪ್ರಶ್ನೆಗೆ ಉತ್ತರವು ಗೊರಡಿನ ಮುಂತುದಿಯ ಮೇಲಿರುತ್ತದೆ. ಮಾಡಿದವನು ಉಕ್ಕಿನ ಅಚ್ಚನ್ನು ಇಟ್ಟು ಹೊಡೆದು ಅಲ್ಲಿ ತನ್ನ ಹೆಸರನ್ನು ಮೂಡಿಸಿರುತ್ತಾನೆ. 1700ರ ಸುಮಾರಿಗೆ ಲಂಡನ್ ನಗರದಲ್ಲಿ ಗೊರಡು ಮಾಡುವುದೇ ಒಂದು ಬೇರೆ ಕಸುಬಾಗಿ ನಿಂತಿತು. ಥಾಮಸ್ ಗ್ರ್ಯಾನ್‌ಫರ್ಡ್, ರಾಬರ್ಟ್ ವೂಡಿಂಗ್ ಮುಂತಾದವರ ಹೆಸರುಗಳು ಇಂದಿಗೂ ಉಳಿದಿರುವುದು ಹೆಚ್ಚಾಗಿ ಈ ಮುದ್ರೆಗಳಿಂದಲೇ. ಮಾಡಿದವನ ಹೆಸರಿನ ಮೇಲೆಯೋ ಕೆಳಗೋ ಕೊಂಡು ಬಳಸಿದ ಬಡಗಿಯೂ ತನ್ನ ಹೆಸರನ್ನು ಒತ್ತುತ್ತಿದ್ದನು. ಹತ್ತಾರು ಜನ ಒಂದೇ ಕಡೆ ಕೆಲಸ ಮಾಡುವಾಗ ಉಪಕರಣಗಳು ಅದಲುಬದಲಾಗದಿರಲೆಂದು ಇದು. ಅವನು ತೀರಿಕೊಂಡ ಮೇಲೆ ಇನ್ನೊಬ್ಬನು ಕೊಂಡು ತನ್ನ ಹೆಸರನ್ನೂ ಸೇರಿಸುವನು. ಹೀಗೆ ಒಂದೇ ಗೊರಡಿನ ತುದಿಯಲ್ಲಿ ಮೂರು ನಾಲ್ಕು ತಲೆಮಾರಿನ ಹೆಸರುಗಳಿರುವುದುಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿರಿವಂತನ ಮನೆಯ ಬಾಗಿಲನ್ನು ಅಲಂಕರಿಸಿದ ಅಂಚಿನ ಮೇಲೆ ಯಾರ ಹೆಸರೂ ಇಲ್ಲ. ಅತಿಥಿಗಳು ಬಂದು ಹೊಗಳುವ ಎಡೆಯಲ್ಲಿ ಹೆಸರಿಲ್ಲ. ಹೆಸರಿರುವುದು ಪೆಟ್ಟಿಗೆಯೊಳಗಿನ ಗೊರಡಿನ ಮೇಲೆ. ಅದನ್ನು ಓದುವವನು ಇನ್ನೊಬ್ಬ ಕೆಲಸಗಾರನೊಬ್ಬನೇ. ಹೊಗಳುವವನ ಕಡೆಗೆ ಬೆನ್ನುಮಾಡಿ, ಬಳಸುವವನ ಕಡೆಗೆ ಮುಖಮಾಡಿದ ಹೆಸರು ಅದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದು ಬೇಕಾಗುವುದು.

ಇನ್ನು ಆ ಮನುಷ್ಯನ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ರೆಂಥಮ್ ಎಂಬ ಊರಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಫ್ರಾನ್ಸಿಸ್ ನಿಕಲ್ಸನ್ ಎಂಬ ಗೊರಡು ಮಾಡುವವನಿದ್ದನು. ದಾಖಲೆಯಿರುವ ಅಮೆರಿಕದ ಗೊರಡು ಮಾಡುವವರಲ್ಲಿ ಅವನನ್ನು ಮೊದಲಿಗನೆಂದು ಎಣಿಸುತ್ತಾರೆ. ಅವನು ತನ್ನ ಊರಿನ ಕ್ರೈಸ್ತಸಭೆಯಲ್ಲಿ ಸೇವಾಧಿಕಾರವನ್ನು ಹೊಂದಿದ್ದ ದೈವಭಕ್ತನು. ಅವನ ಮನೆಯಲ್ಲಿ ಆಫ್ರಿಕಾ ಮೂಲದ ಸೀಸರ್ ಚೆಲರ್ ಎಂಬ ಗುಲಾಮನಿದ್ದನು. ಗುಲಾಮನೆಂದರೆ ಸಂಬಳದ ಆಳಲ್ಲ. ಎತ್ತು, ಗಾಡಿ, ಗರಗಸಗಳಂತೆ ಒಡೆಯನ ಸೊತ್ತು. ಚೆಲರನು ಒಡೆಯನ ಕಮ್ಮಟದಲ್ಲಿಯೇ ಈ ಕಾಯಕವನ್ನು ಕಲಿತನು. 1753ರಲ್ಲಿ ನಿಕಲ್ಸನ್ ತೀರಿಕೊಂಡನು. ಅವನ ಮರಣಶಾಸನದಲ್ಲಿ ಚೆಲರನ ನಿಷ್ಠೆಯ ಸೇವೆಯನ್ನು ನೆನೆದು ಅವನನ್ನು ಬಿಡುಗಡೆ ಮಾಡಿರುವುದಾಗಿ ಬರೆದಿತ್ತು. ಅವನ ಹಾಸಿಗೆ, ಪೆಟ್ಟಿಗೆ, ಬಟ್ಟೆಬರೆಗಳನ್ನೂ, ಕೆಲಸದ ಮೇಜನ್ನೂ, ಉಪಕರಣಗಳನ್ನೂ, ಒಂದಿಷ್ಟು ಮರವನ್ನೂ ಭೂಮಿಯನ್ನೂ ಅವನಿಗೆ ಕೊಟ್ಟಿತ್ತು. ಅನಂತರ ಚೆಲರನು ಸ್ವತಂತ್ರನಾಗಿ ಅದೇ ಊರಿನಲ್ಲಿ ಗೊರಡು ಮಾಡುತ್ತ 1784ರವರೆಗೆ ಬದುಕಿದನು. ಅವನು ತೀರಿಕೊಳ್ಳುವ ಹಿಂದಿನ ವರುಷ, 1783ರಲ್ಲಿ, ಆ ಪ್ರಾಂತ್ಯದ ನ್ಯಾಯಾಲಯವು ಗುಲಾಮಗಿರಿಯು ಅಲ್ಲಿನ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು.

ಈ ಚೆಲರನ ಗೊರಡುಗಳು ಇಂದಿಗೂ ಉಳಿದಿವೆ. ಅಲ್ಲಿನವರು ಅವುಗಳನ್ನು ಅಮೂಲ್ಯವೆಂದು ಕಾಪಾಡುತ್ತಾರೆ. ಹೆಸರು ಗೊತ್ತಿರುವ ಆಫ್ರಿಕನ್ ಮೂಲದ ಅಮೆರಿಕದ ಉಪಕರಣಕಾರರಲ್ಲಿ ಅವನೇ ಮೊದಲಿಗನೆಂದು ಹೇಳುತ್ತಾರೆ. ಅವುಗಳ ತುದಿಯ ಮೇಲೆ ಒತ್ತಿರುವುದು ಇಷ್ಟೇ: ಚೆಲರ್, ರೆಂಥಮ್‌ನಲ್ಲಿ ವಾಸವಾಗಿರುವವನು. ಬಿರುದಿಲ್ಲ, ಹೊಗಳಿಕೆಯಿಲ್ಲ. ಹೆಸರು ಮತ್ತು ಊರು ಮಾತ್ರ.

ಈಗ ವಿಚಾರಕ್ಕೆ ಬರೋಣ. 1753ಕ್ಕೆ ಮುಂಚೆ ಚೆಲರನ ಕೈಯಿಂದ ಹೊರಬಂದ ಗೊರಡುಗಳ ಮೇಲೆ ಯಾರ ಮುದ್ರೆಯಿತ್ತು? ಒಡೆಯನ ಹೆಸರಿನ ಗೊರಡುಗಳಲ್ಲಿ ಎಷ್ಟೋ ಈ ಗುಲಾಮನ ಕೈಗೆಲಸವಾಗಿರಬಹುದೆಂದು ಬಲ್ಲವರು ಊಹಿಸುತ್ತಾರೆ. ಆ ಊಹೆಯು ಸಹಜವಾದುದೇ. ಕೈಯೇ ಒಡೆಯನ ಸೊತ್ತಾದ ಮೇಲೆ ಕೈಯ ಕೆಲಸಕ್ಕೆ ಬೇರೆ ಹೆಸರೆಲ್ಲಿಯದು? ಆ ಕಾಲದಲ್ಲಿ ಚೆಲರನು ಗೊರಡಿನ ಮೇಲೆ ತನ್ನ ಹೆಸರನ್ನು ಒತ್ತದೆ ಇದ್ದುದನ್ನು ನಾವು ನಿರಹಂಕಾರವೆಂದು ಕರೆಯಬಹುದೇ? ಖಂಡಿತವಾಗಿಯೂ ಕರೆಯಲಾಗದು. ಇಲ್ಲದವನು ಬಿಟ್ಟದ್ದು ತ್ಯಾಗವಲ್ಲ. ಉಪವಾಸ ಬಿದ್ದವನನ್ನು ವ್ರತಸ್ಥನೆಂದು ಹೊಗಳಿದಂತಾಗುವುದು ಅದು. ತನ್ನ ಹೆಸರನ್ನು ಲಿಂಗಕ್ಕೆ ಒಪ್ಪಿಸಬೇಕಾದರೆ ಮೊದಲು ಹೆಸರು ತನ್ನದಾಗಿರಬೇಕು. ತನುಮನಧನಗಳನ್ನು ಅರ್ಪಿಸುವವನಿಗೆ ಆ ಮೂರೂ ಮೊದಲು ಸ್ವಾಧೀನವಾಗಿರಬೇಕು. ಬಸವಣ್ಣನವರು ತಮ್ಮ ಹೆಸರನ್ನು ಬಿಟ್ಟು ಕೂಡಲಸಂಗಮನ ಮುದ್ರೆಯನ್ನೊತ್ತಿದರೆಂಬುದು ಅರ್ಪಣ. ಬೇರೊಬ್ಬ ಮನುಷ್ಯನು ಬಂದು ದುಡಿದವನ ಕೆಲಸದ ಮೇಲೆ ತನ್ನ ಮುದ್ರೆಯನ್ನೊತ್ತಿಕೊಂಡರೆ ಅದು ಅಪಹರಣ. ಹೊರಗಿನಿಂದ ನೋಡುವವರಿಗೆ ಎರಡೂ ಕಡೆ ಹೆಸರಿಲ್ಲದ ಕೆಲಸವೇ ಕಾಣುವುದು. ಪೂರ್ವಪಕ್ಷದವರು ಈ ಭೇದವನ್ನು ಎಣಿಸಲಿಲ್ಲ.

ಹಾಗಾದರೆ ಆ ಗುಲಾಮನು ಬಂಧನದಲ್ಲಿದ್ದಾಗ ಮಾಡಿದ್ದು ಕಾಯಕವಲ್ಲವೇ ಎಂದು ಕೇಳಬಹುದು. ಕಾಯಕಕ್ಕೆ ಎರಡು ಅಂಗಗಳುಂಟು. ಒಂದು, ಮಾಡುವವನ ಶುದ್ಧಿ. ಇನ್ನೊಂದು, ಫಲದ ವಿನಿಯೋಗ. ಅವನು ಮನಸ್ಸಿಟ್ಟು, ಮೋಸವಿಲ್ಲದೆ ಕೊರೆದನೆಂಬುದಕ್ಕೆ ಮುಂದೆ ಅವನು ಗಳಿಸಿದ ಹೆಸರೇ ಸಾಕ್ಷಿ. ಮೊದಲನೆಯ ಅಂಗದಲ್ಲಿ ಕೊರತೆಯಿಲ್ಲ. ಎರಡನೆಯದರಲ್ಲಿ ಅವನಿಗೆ ಅಧಿಕಾರವೇ ಇರಲಿಲ್ಲ. ದುಡಿದುದನ್ನು ದಾಸೋಹಕ್ಕೆ ಸಲ್ಲಿಸುವ ಹಕ್ಕು ದುಡಿದವನದು. ಅದನ್ನು ಕಿತ್ತುಕೊಂಡವನು ಅವನ ಕಾಯಕದ ಅರ್ಧಾಂಗವನ್ನೇ ಕಿತ್ತುಕೊಂಡಂತಾಯಿತು. ಆದುದರಿಂದ ಕಳಂಕವು ಕೆಲಸದ್ದಲ್ಲ, ಕೆಲಸಗಾರನದಲ್ಲ, ಕಿತ್ತುಕೊಂಡ ಕೈಯದು.

ಇನ್ನು ಆ ಒಡೆಯನ ದಾನವನ್ನು ಹೇಗೆ ತೂಗಬೇಕು? ಅಂದಿನ ಅನೇಕ ಒಡೆಯರು ಮಾಡದ್ದನ್ನು ಅವನು ಮಾಡಿದನು. ಕೃತಜ್ಞತೆಯನ್ನು ಬರಹದಲ್ಲಿ ಒಪ್ಪಿಕೊಂಡನು. ಅಷ್ಟರಮಟ್ಟಿಗೆ ಅವನನ್ನು ನಿಂದಿಸಬೇಕಾಗಿಲ್ಲ. ಆದರೆ ಅದನ್ನು ದಾಸೋಹವೆನ್ನಲಾಗದು. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೆನೆಯಿರಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಹೆಚ್ಚಾದುದು ತಮ್ಮದಲ್ಲವೆಂಬುದು ಆ ತಾಯಿಯ ನಿಲುವು. ಮಾರಯ್ಯನವರು ಅದನ್ನು ಮರಳಿ ಸುರಿದು ಬಂದುದಕ್ಕೆ ದಾನವೆಂದು ಹೆಸರಿಲ್ಲ. ತಮ್ಮದಲ್ಲದುದನ್ನು ಅದು ಇದ್ದ ಎಡೆಗೆ ಮುಟ್ಟಿಸಿದರು, ಅಷ್ಟೆ. ನಿಕಲ್ಸನ್ ಕೊಟ್ಟ ಉಪಕರಣ, ಮರ, ಭೂಮಿಗಳೂ ಹಾಗೆಯೇ. ಅದರಲ್ಲಿ ಚೆಲರನದೇ ಬೆವರಿನ ಭಾಗವು ಎಷ್ಟಿತ್ತು! ಸಾಯುವಾಗ ಬಿಟ್ಟುಕೊಟ್ಟದ್ದನ್ನು ಬದುಕಿರುವಾಗಲೇ ಕೊಡಬಹುದಾಗಿತ್ತು, ಕೊಡಬೇಕಾಗಿತ್ತು. ದೇವರ ಮನೆಯಲ್ಲಿ ಸೇವೆಗೆ ನಿಂತವನಿಗೆ ತನ್ನ ಕಮ್ಮಟದಲ್ಲಿದ್ದ ಮನುಷ್ಯನು ಬಾಳಿನ ಕೊನೆಯವರೆಗೂ ಸೊತ್ತಾಗಿಯೇ ಕಂಡನೆಂಬುದು ಆ ಭಕ್ತಿಯ ಕುಂದು. ಇದನ್ನು ಪರದೇಶದ ಕುಂದೆಂದು ಹೇಳಿ ನಾವು ನೆಮ್ಮದಿಪಡುವಂತಿಲ್ಲ. ನಮ್ಮಲ್ಲಿಯೂ ಸಾಲಕ್ಕೆ ಪ್ರತಿಯಾಗಿ ಮನುಷ್ಯರನ್ನು ಇಟ್ಟುಕೊಳ್ಳುವ ಜೀತವಿತ್ತು. ಅದನ್ನು ರದ್ದುಗೊಳಿಸುವ ಕಾನೂನು ಬಂದುದು 1976ರಲ್ಲಿ. ಜೀತದಾಳಿಗೆ ಹಬ್ಬಕ್ಕೆ ಬಟ್ಟೆ ಕೊಟ್ಟು ಅದನ್ನು ಧರ್ಮವೆಂದೆಣಿಸಿದ ಮನೆಗಳು ನಮ್ಮ ನಡುವೆ ಇರಲಿಲ್ಲವೇ?

ಬಿಡುಗಡೆಯಾದ ಮೇಲೆ ಚೆಲರನು ತನ್ನ ಹೆಸರನ್ನು ಒತ್ತಿದನು. ಸೀಸರ್ ಎಂಬುದು ರೋಮಿನ ಚಕ್ರವರ್ತಿಗಳ ಹೆಸರು. ಗುಲಾಮರಿಗೆ ಇಂಥ ಹೆಸರುಗಳನ್ನಿಡುವುದು ಆ ಕಾಲದ ಒಡೆಯರ ರೂಢಿಯಾಗಿತ್ತು. ಹೊರಗಿನಿಂದ ಬಂದ ಅಂಥದೊಂದು ಹೆಸರನ್ನು ಅವನು ಮೂವತ್ತು ವರುಷಗಳ ಶುದ್ಧ ಕೆಲಸದಿಂದ ತನ್ನದನ್ನಾಗಿ ಮಾಡಿಕೊಂಡನು. ಮರದ ಮೇಲೆ ಅಚ್ಚಿಟ್ಟು ಹೊಡೆದಾಗಲೆಲ್ಲ ಅವನು ಹೇಳುತ್ತಿದ್ದುದು ಏನು? ಇದರಲ್ಲಿ ದೋಷವಿದ್ದರೆ ಹೊಣೆ ನನ್ನದು, ನಾನು ಇರುವ ಊರು ಇದು, ಬಂದು ಕೇಳಿರಿ ಎಂದಲ್ಲವೇ? ವಾಸವಾಗಿರುವವನು ಎಂಬ ಮಾತು ಅವನ ಒಡೆಯನ ಮುದ್ರೆಯಲ್ಲಿಯೂ ಇದ್ದ ರೂಢಿಯ ಮಾತೇ. ಆದರೆ ಸೊತ್ತಿಗೆ ಇರುವ ಜಾಗವಿರಬಹುದು, ವಾಸವಿಲ್ಲ. ವಾಸವಿರುವುದು ಮನುಷ್ಯನಿಗೆ. ಅದೇ ಮಾತನ್ನು ಬಿಡುಗಡೆಯಾದವನು ಒತ್ತಿದಾಗ ಅದಕ್ಕೆ ಬೇರೆ ತೂಕವು ಬರುತ್ತದೆ.

ಅದು ವ್ಯಾಪಾರದ ಗುರುತಲ್ಲವೇ, ಗಿರಾಕಿಗಳನ್ನು ಸೆಳೆಯುವ ಉಪಾಯವಲ್ಲವೇ ಎಂದು ಆಕ್ಷೇಪಿಸಬಹುದು. ಅಹುದು, ವ್ಯಾಪಾರವೂ ಅದರಲ್ಲಿ ಉಂಟು. ಶರಣರು ವ್ಯಾಪಾರವನ್ನು ಎಲ್ಲಿಯೂ ನಿಷೇಧಿಸಲಿಲ್ಲ. ಸುಳ್ಳು ವ್ಯಾಪಾರವನ್ನು ನಿಷೇಧಿಸಿದರು. ಹೆಸರೊತ್ತಿದವನಿಗೆ ಕಳಪೆ ಮಾಲನ್ನು ಮಾರಿ ಮರೆಯಾಗುವ ದಾರಿಯಿಲ್ಲ. ಆ ದಾರಿಯನ್ನು ತಾನೇ ಮುಚ್ಚಿಕೊಳ್ಳುವುದು ಸತ್ಯಶುದ್ಧಕ್ಕೆ ಸಹಾಯವೇ ಹೊರತು ವಿರೋಧವಲ್ಲ.

ಈಗ ನಮ್ಮ ಶರಣರ ಕಡೆಗೆ ಮತ್ತೆ ತಿರುಗೋಣ. ಎಲ್ಲರೂ ದೇವರ ಹೆಸರನ್ನೇ ಮುದ್ರಿಕೆಯಾಗಿ ಇಟ್ಟರೆಂಬುದು ಪೂರ್ವಪಕ್ಷದ ಆಧಾರ. ಆದರೆ ಅಂಬಿಗರ ಚೌಡಯ್ಯನವರ ಮುದ್ರಿಕೆ ಯಾವುದು? ಅಂಬಿಗರ ಚೌಡಯ್ಯ ಎಂಬ ತಮ್ಮ ಹೆಸರೇ. ಅದೂ ಬರಿಯ ಹೆಸರಲ್ಲ, ಕಾಯಕದೊಡನೆ ಕೂಡಿದ ಹೆಸರು. ನಿಷ್ಠುರವಾದ ಮಾತುಗಳನ್ನಾಡಿದ ಶರಣರು ಅವರು. ಅಂಥ ಮಾತುಗಳನ್ನಾಡಿ ದೇವರ ಹೆಸರಿನ ಮರೆಯಲ್ಲಿ ನಿಲ್ಲಲಿಲ್ಲ. ಆಡಿದವನು ಇಂಥವನು, ಇಂಥ ಕಾಯಕದವನು ಎಂದು ಎದೆಗೊಟ್ಟು ನಿಂತರು. ಅವರನ್ನು ಅಹಂಕಾರಿಯೆಂದು ಶರಣಸಮೂಹವು ಕರೆಯಲಿಲ್ಲ, ನಿಜಶರಣನೆಂದು ಗೌರವಿಸಿತು. ದೇವರ ಮುದ್ರೆಯನ್ನೊತ್ತಿದ ಶರಣರನ್ನು ಕೂಡ ನಾವು ಯಾವ ಹೆಸರಿನಿಂದ ಬಲ್ಲೆವು? ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಬಾಚಿಯನ್ನು ಹಿಡಿದು ಮರಗೆಲಸ ಮಾಡಿದ ಬಾಚಿಕಾಯಕದ ಬಸವಪ್ಪ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದರೆಂದು ಪರಂಪರೆಯು ಹೇಳುವ ಮಾರಯ್ಯನವರು ಅರಸನ ಹೆಸರಿನಿಂದ ಉಳಿಯಲಿಲ್ಲ. ಹೊತ್ತು ಮಾರಿದ ಸೌದೆಯ ಹೊರೆಯಿಂದ ಮೋಳಿಗೆಯ ಮಾರಯ್ಯನೆನಿಸಿದರು. ಲೋಕವು ಕೀಳೆಂದು ಕರೆದ ಕಸುಬಿನ ಹೆಸರನ್ನೇ ಅವರು ತಲೆಯ ಮೇಲೆ ಹೊತ್ತು ಪೂಜ್ಯವನ್ನಾಗಿ ಮಾಡಿದರು.

ಕಾಯಕದ ಹೆಸರು ಅಹಂಕಾರವಾಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಅವರಲ್ಲಿ ಕೆಲವರು ಇತರ ಶಿಲ್ಪಿಗಳ ಗರ್ವವನ್ನು ಮುರಿಯುವವರೆಂಬ ಬಿರುದುಗಳನ್ನೂ ಸೇರಿಸಿಕೊಂಡಿದ್ದಾರೆ. ಹೆಸರು ಮತ್ತು ಊರು ಇರುವವರೆಗೆ ಅದು ಹೊಣೆ. ಬಿರುದು ಸೇರಿದೊಡನೆ ಅದು ಇನ್ನೊಬ್ಬನ ತಲೆಯ ಮೇಲೆ ಕಾಲಿಟ್ಟಂತೆ. ಒರೆಗಲ್ಲು ಇದು: ಈ ಹೆಸರು ತಪ್ಪನ್ನು ಕೇಳಲು ಬರುವವನಿಗೆ ದಾರಿತೋರಿಸುವುದೋ, ಹೊಗಳಲು ಬರುವವನಿಗೆ ದಾರಿತೋರಿಸುವುದೋ? ಮೊದಲನೆಯದಾದರೆ ಇರಲಿ. ಎರಡನೆಯದಾದರೆ ಅಳಿಸುವುದು ಲೇಸು.

ಈ ಒರೆಗಲ್ಲನ್ನು ನಮ್ಮ ಮನೆಯಂಗಳಕ್ಕೆ ತಂದು ಉಜ್ಜಿ ನೋಡೋಣ. ನಮ್ಮ ಮಠಮಂದಿರಗಳಲ್ಲಿ, ಛತ್ರಗಳಲ್ಲಿ, ಪಾಠಶಾಲೆಗಳಲ್ಲಿ ಗೋಡೆಯ ಮೇಲೆ ಅಮೃತಶಿಲೆಯ ಹಲಗೆಗಳಿವೆ. ಇಂಥವರು ಇಷ್ಟು ರೂಪಾಯಿಗಳನ್ನು ಕೊಟ್ಟರೆಂದು ಅವುಗಳಲ್ಲಿ ಬರೆದಿದೆ. ಬೀಸಣಿಗೆಯ ರೆಕ್ಕೆಯ ಮೇಲೆ, ನೀರಿನ ತೊಟ್ಟಿಯ ಮೇಲೆ, ಊಟದ ತಟ್ಟೆಯ ಮೇಲೆಯೂ ದಾನಿಗಳ ಹೆಸರಿದೆ. ದಾನಿಗಳನ್ನು ಹೀನಾಯಿಸುವುದು ನನ್ನ ಉದ್ದೇಶವಲ್ಲ. ಅವರ ಔದಾರ್ಯವಿಲ್ಲದೆ ಎಷ್ಟೋ ಬಡಮಕ್ಕಳಿಗೆ ಅನ್ನ ಅಕ್ಷರಗಳು ದೊರೆಯುತ್ತಿರಲಿಲ್ಲ. ಆದರೂ ಕೇಳಬೇಕು. ಆ ತಟ್ಟೆಯು ತೂತಾದರೆ, ಆ ಗೋಡೆಯು ಬಿರುಕುಬಿಟ್ಟರೆ ಆ ಹೆಸರಿನವರನ್ನು ಯಾರಾದರೂ ಹೊಣೆಯಾಗಿಸುವರೇ? ಇಲ್ಲ. ಆ ಹೆಸರುಗಳು ಹೊಗಳಿಕೆಯ ಕಡೆಗೆ ಮುಖಮಾಡಿವೆ. ಅದೇ ವೇಳೆಗೆ ರಥದ ಗಾಲಿಯನ್ನು ಕೂಡಿಸಿ ಅಚ್ಚಿಗೆ ಹೊಂದಿಸಿದ ಬಡಗಿಯ ಹೆಸರು, ಗೋಪುರದ ಮೇಲೆ ಬಿಸಿಲಿನಲ್ಲಿ ನಿಂತು ಗಾರೆಗೆಲಸ ಮಾಡಿದವನ ಹೆಸರು, ನಿತ್ಯವೂ ಅನ್ನವನ್ನು ಬೇಯಿಸುವವರ ಹೆಸರು ಎಲ್ಲಿಯೂ ಇಲ್ಲ. ತೇರಿನ ಗಾಲಿಯು ಮುರಿದರೆ ಮಾತ್ರ ಎಲ್ಲರಿಗೂ ಬಡಗಿಯ ಹೆಸರು ನೆನಪಾಗುವುದು! ಹೊಣೆಯ ಹೊತ್ತಿನಲ್ಲಿ ಅವನ ಹೆಸರು, ಹರ್ಷದ ಹೊತ್ತಿನಲ್ಲಿ ನಮ್ಮ ಹೆಸರು. ಇದು ಕಾಯಕತತ್ತ್ವವನ್ನು ತಲೆಕೆಳಗು ಮಾಡಿದಂತಲ್ಲವೇ?

ಬಡಗಿಗೆ ಕೂಲಿ ಕೊಟ್ಟಾಯಿತು, ಹೆಸರೇಕೆ ಎನ್ನುವರು. ಕೂಲಿಯು ಅವನ ಹೊತ್ತಿಗೆ ಸಲ್ಲುವುದು. ಹೊತ್ತು ಮುಗಿದ ಮೇಲೆಯೂ ಅವನ ಕೆಲಸವು ನಮ್ಮನ್ನು ಹೊತ್ತು ನಿಲ್ಲುತ್ತದೆ. ಆ ಮಿಗಿಲಾದುದಕ್ಕೆ ಸಲ್ಲಬೇಕಾದುದು ಮನ್ನಣೆ. ದೇವರು ಬಲ್ಲನು, ಮನುಷ್ಯರು ಬರೆಯಬೇಕಾಗಿಲ್ಲ ಎನ್ನುವರು. ದೇವರು ಬಲ್ಲನೆಂಬುದು ದುಡಿದವನು ತನಗೆ ತಾನೇ ಹೇಳಿಕೊಳ್ಳಬಹುದಾದ ಸಮಾಧಾನ. ದುಡಿಸಿಕೊಂಡವನು ಅದನ್ನು ಹೇಳಿದರೆ ಅದು ನೆಪ. ದಾನಿಯ ವಿಷಯದಲ್ಲಿ ದೇವರು ಬಲ್ಲನೆಂದು ಬರೆಯದೆ ಬಿಡುವ ಧೈರ್ಯವು ನಮಗುಂಟೇ?

ಸದ್ಭಕ್ತ ಗೃಹಸ್ಥರು ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಮನೆ ಕಟ್ಟಿಸಿದಾಗ ಹೊಸ್ತಿಲಿನ ಮೇಲೋ ಅಟ್ಟದ ತೊಲೆಯ ಮೇಲೋ ತನ್ನ ಹೆಸರನ್ನು ಕೊರೆಯಲು ಬಡಗಿಗೆ ಹೇಳಿರಿ. ವಾಸ್ತುಪೂಜೆಯ ದಿನ ಅವನನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಿರಿ. ಮನೆಯಲ್ಲಿ ದುಡಿಯುವವರನ್ನು ಹೆಸರು ಹಿಡಿದು, ಗೌರವದಿಂದ ಕರೆಯಿರಿ. ಎಷ್ಟೋ ಮನೆಗಳಲ್ಲಿ ಅವರ ಪೂರ್ಣ ಹೆಸರು ಯಾರಿಗೂ ತಿಳಿದಿರುವುದಿಲ್ಲ. ಕೊಡಬೇಕಾದ ಬಾಕಿಯನ್ನು ಕೊಡುವಾಗ ಅದನ್ನು ಧರ್ಮವೆಂದು ಹೇಳದಿರಿ. ಮಠಗಳ ಆಡಳಿತದಲ್ಲಿರುವವರೂ ದಾನಿಗಳ ಪಟ್ಟಿಯ ಬದಿಯಲ್ಲಿ ಕಾಯಕದವರ ಪಟ್ಟಿಯೊಂದನ್ನು ಇಡುವ ವಿಚಾರವನ್ನು ಮಾಡಬೇಕೆಂದು ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ.

ಕೈಗಾರರಿಗೂ ಒಂದು ಮಾತು. ಹೆಸರನ್ನು ಬರೆಯುವ ಹಕ್ಕು ದೊರೆತಾಗ ಅದಕ್ಕೆ ತಕ್ಕ ಕೆಲಸವನ್ನೂ ಕೊಡಬೇಕು. ಹಸಿಮರದ ಬಾಗಿಲಿನ ಮೇಲೆ ಒಳ್ಳೆಯ ಹೆಸರನ್ನು ಕೊರೆದರೆ ಮುಂದಿನ ಮಳೆಗಾಲದೊಳಗೆ ಹೆಸರೂ ಬಾಗಿಲೂ ಒಟ್ಟಿಗೆ ಸೊಟ್ಟಗಾಗುವುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚು ಕೊರೆಯುವ ಯಂತ್ರಗಳು ಬಂದವು. ಮರದ ಗೊರಡುಗಳ ಕಸುಬು ಕ್ರಮೇಣ ಕುಗ್ಗಿತು. ಇಂದು ಆ ದೇಶಗಳಲ್ಲಿ ಕೆಲವೇ ಜನ ಅವುಗಳನ್ನು ಕೈಯಿಂದ ಮಾಡುತ್ತಾರೆ. ಹಳೆಯವುಗಳನ್ನು ಹುಡುಕಿ, ಮಸೆದು, ಮತ್ತೆ ಕೆಲಸಕ್ಕೆ ಹಚ್ಚುವವರು ಅನೇಕರಿದ್ದಾರೆ. ಹಾಗೆ ಮಾಡುವವನು ಗೊರಡಿನ ತುದಿಯನ್ನು ಒರೆಸಿ ಮೊದಲು ಓದುವುದು ಅಲ್ಲಿನ ಹೆಸರುಗಳನ್ನು. ಬಹುಮಟ್ಟಿಗೆ ಅವರ ಚಿತ್ರಗಳಿಲ್ಲ, ಚರಿತ್ರೆಯಿಲ್ಲ. ಅವರು ಕೂಡಿಸಿದ ಬೆಣೆಯು ಇನ್ನೂ ಬಿಗಿಯಾಗಿದೆಯೇ, ಬಾಯಿಯಿಂದ ಸುರುಳಿಯು ಸಲೀಸಾಗಿ ಹೊರಬರುತ್ತದೆಯೇ ಎಂಬುದನ್ನು ಅವನು ಮರದ ತುಂಡೊಂದರ ಮೇಲೆ ನೂಕಿ ನೋಡುತ್ತಾನೆ. ಹೆಸರೊತ್ತಿದವರು ಬಯಸಿದ ಪರೀಕ್ಷೆಯೂ ಅದೇ. ನಮ್ಮ ನಮ್ಮ ಕಾಯಕಗಳಿಗೂ ಅಂಥ ಪರೀಕ್ಷೆಗೆ ನಿಲ್ಲುವ ಶಕ್ತಿಯನ್ನೂ, ಇತರರ ಕಾಯಕಕ್ಕೆ ಅವರ ಹೆಸರನ್ನು ಸಲ್ಲಿಸುವ ಬುದ್ಧಿಯನ್ನೂ ಬಸವಾದಿ ಪ್ರಮಥರು ಕರುಣಿಸಲಿ.